ಬಾರ್ಬಡೋಸ್‌ಗೆ ವೀಸಾ ಬೇಡ, ದಾರಿಗೆ ಬೇಕು

ಕೆರಿಬಿಯನ್ ದ್ವೀಪದೇಶ ಬಾರ್ಬಡೋಸ್‌ನ ರಾಜಧಾನಿ ಬ್ರಿಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದ ಮೇಲೆ, ಆ ಮೈದಾನವನ್ನು ಕಣ್ಣಾರೆ ಕಾಣಬೇಕೆಂದು ಬಾರ್ಬಡೋಸ್ ಪ್ರವಾಸದ ಬಗ್ಗೆ ವಿಚಾರಿಸುವವರು ಹೆಚ್ಚಾಗಿದ್ದಾರೆ. ಭಾರತೀಯ ಪ್ರವಾಸಿಗರು ಅಲ್ಲಿ 90 ದಿನಗಳವರೆಗೆ ವೀಸಾ ಇಲ್ಲದೆ ಇರಬಹುದು. ಇಷ್ಟನ್ನೇ ನಂಬಿ ಟಿಕೆಟ್ ತೆಗೆದವರು ತೊಂದರೆಗೆ ಸಿಲುಕುವುದನ್ನು ನಾನು ಹಲವು ಸಲ ನೋಡಿದ್ದೇನೆ. ಭಾರತದಿಂದ ಅಲ್ಲಿಗೆ ನೇರ ವಿಮಾನವಿಲ್ಲ. ನಡುವೆ ವಿಮಾನ ಬದಲಿಸುವ ದೇಶ ತನ್ನ ವೀಸಾ ಕೇಳಬಹುದು.

ಮೊದಲು ಪಾಸ್‌ಪೋರ್ಟ್ ನೋಡಿಕೊಳ್ಳಿ. ಕನಿಷ್ಠ 6 ತಿಂಗಳ ಅವಧಿ ಉಳಿದಿರಲಿ.

ಎರಡನೆಯದು ದಾರಿಯ ಆಯ್ಕೆ. ಟಿಕೆಟ್‌ಗೆ ಹಣ ಕಟ್ಟುವ ಮೊದಲೇ ಇದು ತೀರ್ಮಾನವಾಗಬೇಕು. ಅಮೆರಿಕದ ಮೂಲಕ ಹೋಗುವವರು ಎರಡೇ ಗಂಟೆ ನಿಲ್ದಾಣದಲ್ಲಿದ್ದರೂ ವಲಸೆ ತಪಾಸಣೆ ದಾಟಬೇಕು, ಆದ್ದರಿಂದ ಅಲ್ಲಿನ ವೀಸಾ ಕಡ್ಡಾಯ. ಲಂಡನ್ ಮೂಲಕ ಹೋಗುವುದಾದರೆ ಎರಡು ಸ್ಥಿತಿಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಒಂದೇ ನಿಲ್ದಾಣದಲ್ಲಿ, ಗಡಿ ತಪಾಸಣೆ ದಾಟದೆ, ಅದೇ ದಿನ ಮುಂದಿನ ವಿಮಾನ ಹಿಡಿಯುವವರಿಗೆ ನಿಲ್ದಾಣದೊಳಗಿನ ಟ್ರಾನ್ಸಿಟ್ ವೀಸಾ ಸಾಕು; ಅಮೆರಿಕ, ಕೆನಡಾ, ಆಸ್ಟ್ರೇಲಿಯ ಅಥವಾ ನ್ಯೂಜಿಲೆಂಡ್‌ನ ಚಾಲ್ತಿ ವೀಸಾ ಇದ್ದವರಿಗೆ ಸಾಮಾನ್ಯವಾಗಿ ಅದರಿಂದಲೂ ವಿನಾಯಿತಿ ಇದೆ. ಆದರೆ ಲಂಡನ್‌ನ ಹೀಥ್ರೂ ನಿಲ್ದಾಣದಲ್ಲಿ ಇಳಿದು ಅಲ್ಲಿನ ಇನ್ನೊಂದು ನಿಲ್ದಾಣವಾದ ಗ್ಯಾಟ್ವಿಕ್‌ನಿಂದ ಹೊರಡುವವರು, ಅಥವಾ ಎರಡು ಪ್ರತ್ಯೇಕ ಟಿಕೆಟ್ ತೆಗೆದು ಲಗೇಜನ್ನು ತಾವೇ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾದವರು, ಗಡಿ ದಾಟಲೇಬೇಕಾಗುತ್ತದೆ. ಅವರಿಗೆ ಆ ವೀಸಾ ನಡೆಯುವುದಿಲ್ಲ.

ನನ್ನ ಪರಿಚಯದ ನಿವೃತ್ತ ದಂಪತಿ ಅಗ್ಗವೆಂದು ಅಂಥದ್ದೇ ಟಿಕೆಟ್ ತೆಗೆದಿದ್ದರು. ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲಿದ್ದ ಯುವತಿ ಇಬ್ಬರ ಪಾಸ್‌ಪೋರ್ಟನ್ನೂ ಹಾಳೆ ಹಾಳೆಯಾಗಿ ತಿರುವಿ, ಮತ್ತೆ ಮೊದಲಿನಿಂದ ತಿರುವಿ, “ಬ್ರಿಟನ್ ವೀಸಾ ಎಲ್ಲಿದೆ ಸರ್?” ಎಂದು ಕೇಳಿದರು. ತೂಕಕ್ಕೆ ಇಟ್ಟಿದ್ದ ಎರಡು ಸೂಟ್‌ಕೇಸ್‌ಗಳನ್ನು ಇಳಿಸಿಕೊಂಡು ಅವರು ಮನೆಗೆ ಮರಳಿದರು. ಟ್ರಾನ್ಸಿಟ್ ವೀಸಾದ ಲೆಕ್ಕಾಚಾರವನ್ನೇ ಬಿಟ್ಟು, 6 ತಿಂಗಳ ಬ್ರಿಟನ್ ಪ್ರವಾಸಿ ವೀಸಾ ಪಡೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಶುಲ್ಕ ಹೆಚ್ಚಾದರೂ ಹೋಗುವಾಗ, ಬರುವಾಗ ಎರಡಕ್ಕೂ ಅದು ಒದಗುತ್ತದೆ. ವಿಮಾನ ತಪ್ಪಿದರೆ ಹೊರಗೆ ಹೋಗಿ ತಂಗಬಹುದು. ಟಿಕೆಟ್ ಮಾತ್ರ ಒಂದೇ ಬುಕಿಂಗ್‌ನಲ್ಲಿರಲಿ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ವಿಶೇಷ ತೊಡಕಿದೆ. ಇನಿಷಿಯಲ್ ಬಳಸುವ ನಮ್ಮ ಕಡೆಯ ಅನೇಕರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿಯಿರುತ್ತದೆ. ಆನ್‌ಲೈನ್ ಅರ್ಜಿಗಳು ಅದನ್ನು ಖಾಲಿ ಬಿಡಲು ಒಪ್ಪುವುದಿಲ್ಲ. ಸಮಯವಿದ್ದರೆ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿ, ಹೆಸರನ್ನು ಎರಡು ಭಾಗವಾಗಿ ನಮೂದಿಸಿಕೊಳ್ಳುವುದೇ ಸರಿಯಾದ ಪರಿಹಾರ.

ಬಾರ್ಬಡೋಸ್ ಸರ್ಕಾರದ ವಲಸೆ ಮತ್ತು ಕಸ್ಟಮ್ಸ್ ಅರ್ಜಿಯನ್ನು ಪ್ರಯಾಣಕ್ಕೆ ಮುಂಚಿನ 72 ಗಂಟೆಗಳೊಳಗೆ ಆನ್‌ಲೈನ್‌ನಲ್ಲಿ ತುಂಬಿ. ಇದು ಉಚಿತ. ಗೂಗಲ್‌ನಲ್ಲಿ ಹುಡುಕಿದರೆ ಹಣ ಕೇಳುವ ಖಾಸಗಿ ಜಾಲತಾಣಗಳೂ ಕಾಣಿಸುತ್ತವೆ. ವಿಳಾಸ ‘ಗವ್ ಡಾಟ್ ಬಿಬಿ’ ಎಂದು ಮುಗಿಯದಿದ್ದರೆ ಅಲ್ಲಿ ಕಾರ್ಡ್ ಸಂಖ್ಯೆ ಕೊಡಬೇಡಿ. ಕೊನೆಯಲ್ಲಿ ಬರುವ ಕ್ಯೂಆರ್ ಕೋಡ್, ಮರಳುವ ಟಿಕೆಟ್, ತಂಗುವ ಜಾಗದ ವಿಳಾಸ, ಇಷ್ಟನ್ನೂ ಮುದ್ರಿಸಿ ಕೈಚೀಲದಲ್ಲಿಡಿ. ಇಪ್ಪತ್ತು ಗಂಟೆಗೂ ಹೆಚ್ಚು ಪ್ರಯಾಣಿಸಿ ಇಳಿಯುವಾಗ ಮೊಬೈಲ್‌ನ ಬ್ಯಾಟರಿಯನ್ನು ನೆಚ್ಚಿಕೊಳ್ಳಬಾರದು.

ಬಟ್ಟೆ ಜೋಡಿಸುವಾಗ ಸೈನಿಕರ ಸಮವಸ್ತ್ರದ ಹಸಿರು–ಕಂದು ಮಚ್ಚೆ ವಿನ್ಯಾಸದ ಉಡುಪು ಒಂದೂ ಇರದಂತೆ ನೋಡಿಕೊಳ್ಳಿ. ಬಾರ್ಬಡೋಸ್‌ನಲ್ಲಿ ಅದನ್ನು ಧರಿಸುವುದು ಕಾನೂನುಬಾಹಿರ. ಮಕ್ಕಳ ಚಡ್ಡಿ, ಟೋಪಿಗೂ ಇದು ಅನ್ವಯಿಸುತ್ತದೆ.

ಅದೇ ಪ್ರವಾಸದಲ್ಲಿ ಟ್ರಿನಿಡಾಡ್ ಅಥವಾ ಗಯಾನಾಕ್ಕೂ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಮರೆಯುವಂತಿಲ್ಲ. ಅಲ್ಲಿಂದ ಮರಳುವವರನ್ನು ಪ್ರಮಾಣಪತ್ರವಿಲ್ಲದಿದ್ದರೆ ಭಾರತದಲ್ಲಿಯೇ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಸಿಗುವುದು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ, ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ 10 ದಿನಗಳ ನಂತರ; ಹೀಗಾಗಿ ಹೊರಡುವುದಕ್ಕೆ ಒಂದು ತಿಂಗಳ ಮುಂಚೆಯೇ ಹಾಕಿಸಿಕೊಳ್ಳಿ.