ಲಾರಿ ನಡುಗುತ್ತಿದೆಯಾ? ಮೊದಲು "ಯಾವಾಗ" ಅಂತ ನೋಡಿ

ಹಿರಿಯೂರಿನ ಹತ್ತಿರ ಹೆದ್ದಾರಿ ಪಕ್ಕದಲ್ಲೇ ನಮ್ಮ ಗ್ಯಾರೇಜು. ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿ 48 ಮತ್ತು ಬಳ್ಳಾರಿ ಕಡೆಯಿಂದ ಬರುವ 150ಎ ಈ ಊರಲ್ಲೇ ಸೇರುತ್ತವೆ. ಹಾಗಾಗಿ ಈರುಳ್ಳಿ ಲೋಡಿನಿಂದ ಹಿಡಿದು ಅದಿರಿನ ಟಿಪ್ಪರ್‌ವರೆಗೆ ಎಲ್ಲ ಗಾಡಿಯೂ ನಮ್ಮಲ್ಲಿಗೆ ಬರುತ್ತದೆ. "ಅಣ್ಣಾ, ಗಾಡಿ ವೈಬ್ರೇಷನ್ ಹೊಡೀತಿದೆ, ಬ್ಯಾಲೆನ್ಸಿಂಗ್ ಮಾಡಿಸ್ಬೇಕಾ?" ಅಂತ ಡ್ರೈವರ್ ಕೇಳುತ್ತಾನೆ. ಯಾವಾಗ ಹೊಡೆಯುತ್ತದೆ ಅಂತ ನಾನು ತಿರುಗಿ ಕೇಳುತ್ತೇನೆ. ಅದು ಗೊತ್ತಾಗದೆ ಜಾಕಿ ಹಾಕುವುದಿಲ್ಲ. ಬ್ಯಾಲೆನ್ಸಿಂಗ್ (ಚಕ್ರಕ್ಕೆ ಸಣ್ಣ ತೂಕ ಕೂರಿಸಿ ಸುತ್ತಲೂ ಭಾರ ಸಮ ಮಾಡುವುದು) ಕೆಟ್ಟ ಕೆಲಸ ಅಂತಲ್ಲ, ಆದರೆ ಅದು ಮೊದಲ ಕೆಲಸ ಅಲ್ಲ.

ನಿಂತಲ್ಲೇ ಶುರು ಮಾಡಿ. ನ್ಯೂಟ್ರಲ್‌ನಲ್ಲಿ ಇಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ರಸ್ತೆಯಲ್ಲಿ ನಡುಕ ಬಂದಾಗ ಆರ್‌ಪಿಎಂ ಎಷ್ಟಿತ್ತೋ ಅಷ್ಟಕ್ಕೇ ಆಕ್ಸಿಲರೇಟರ್ ಕೊಡಿ. ಆಗಲೂ ಕ್ಯಾಬಿನ್ ನಡುಗಿದರೆ ಚಕ್ರದ ಕಡೆ ಹೋಗಲೇಬೇಡಿ. ಇಂಜಿನ್ ಮೌಂಟಿಂಗ್ ರಬ್ಬರ್ ಹರಿದಿರಬಹುದು, ಒಂದು ಇಂಜೆಕ್ಟರ್ ಕೈಕೊಟ್ಟಿರಬಹುದು, ಫ್ಯಾನಿನ ಎಲೆ ಮುರಿದಿರಬಹುದು. ಐಡಲ್‌ನಲ್ಲಿ ಜೋರಾಗಿ ಅಲುಗಾಡಿ, ರೇಸ್ ಕೊಟ್ಟರೆ ಕಡಿಮೆಯಾಗುತ್ತದೆಯಾ? ಹಾಗಾದರೆ ಮೊದಲು ಇಂಜೆಕ್ಟರ್, ಆಮೇಲೆ ಮೌಂಟಿಂಗ್ ನೋಡಿ.

ನಿಂತಾಗ ಏನೂ ಇಲ್ಲ, ಓಡುವಾಗ ಮಾತ್ರ ಅಂದರೆ ಖಾಲಿ ಇರುವ ಸಮತಟ್ಟು ರಸ್ತೆಗೆ ಹೋಗಿ. ನಡುಕ ಬರುವ ಸ್ಪೀಡಿನಲ್ಲಿ ಒಂದೆರಡು ಸೆಕೆಂಡ್ ಕ್ಲಚ್ ಒತ್ತಿ. ಥಟ್ಟನೆ ನಿಂತರೆ ಇಂಜಿನ್, ಕ್ಲಚ್ ಅಥವಾ ಎಳೆತ ಬಿದ್ದಾಗ ಮಾತ್ರ ಆಟ (ಸಡಿಲ) ತೋರಿಸುವ ಜಾಯಿಂಟ್. ನಿಲ್ಲಲಿಲ್ಲ ಅಂದರೆ ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ, ಇಲ್ಲವೇ ಚಕ್ರಗಳಲ್ಲಿ. ಶಿರಾಡಿ ಘಾಟಿ ಇಳಿಯುವಾಗ ಈ ಪರೀಕ್ಷೆ ಬೇಡ. ಎಲ್ಲೇ ಆದರೂ ಇಂಜಿನ್ ಆಫ್ ಮಾಡಿ ನೋಡುವುದಂತೂ ಬೇಡವೇ ಬೇಡ. ಸ್ಟೀರಿಂಗ್ ಕಲ್ಲಾಗುತ್ತದೆ, ಬ್ರೇಕಿಗೆ ಹೊಸ ಗಾಳಿ ತುಂಬುವುದಿಲ್ಲ.

ಇನ್ನು ಚಕ್ರವೋ, ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ತಿರುಗುವ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟೋ? ಇದಕ್ಕೆ ಸಣ್ಣ ಲೆಕ್ಕ ಇದೆ. 10.00-20 ಅಳತೆಯ ಲಾರಿ ಟೈರು ಒಂದು ಸುತ್ತಿಗೆ ಹೆಚ್ಚುಕಮ್ಮಿ 3.3 ಮೀಟರ್ ಹೋಗುತ್ತದೆ. 60 ಕಿ.ಮೀ. ಸ್ಪೀಡಿನಲ್ಲಿ ಸೆಕೆಂಡಿಗೆ ಸುಮಾರು 5 ಸುತ್ತು. ಕ್ರೌನ್ ರೇಶಿಯೋ (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಎಷ್ಟು ಸುತ್ತು ಅನ್ನುವ ಲೆಕ್ಕ) 6 ಇದ್ದರೆ ಪ್ರೊಪೆಲ್ಲರ್ ಅದೇ ಹೊತ್ತಿಗೆ 30 ಸುತ್ತು ತಿರುಗಿರುತ್ತದೆ. ಅಂದರೆ ಚಕ್ರದ ನಡುಕ ದಡ್-ದಡ್ ಅಂತ ಬೇರೆಬೇರೆಯಾಗಿ ಗೊತ್ತಾಗುತ್ತದೆ. ಪ್ರೊಪೆಲ್ಲರ್‌ದು ಹಿಟ್ಟಿನ ಗಿರಣಿಯಲ್ಲಿ ನಿಂತ ಹಾಗೆ, ಕಾಲಡಿ ಒಂದೇ ಸಮನೆ ಗುಂಯ್ ಅನ್ನುತ್ತದೆ. ಕೈಗೆ ಬಂತಾ, ಸೀಟಿಗೆ ಬಂತಾ ಅನ್ನುವುದೂ ಮುಖ್ಯ. ಸ್ಟೀರಿಂಗ್‌ನಲ್ಲಿ ಬಂದರೆ ಮುಂದಿನ ಆಕ್ಸಲ್, ಸೀಟು ಮತ್ತು ನೆಲದಲ್ಲಿ ಬಂದರೆ ಹಿಂದಿನದು. ಎಲ್ಲ ಸಲವೂ ಹೀಗೇ ಅಂತ ಹೇಳಲಾಗದು, ಆದರೆ ಹುಡುಕಾಟ ಇಲ್ಲಿಂದಲೇ ಶುರುವಾಗಲಿ.

ಚಕ್ರ ಅಂತ ಅನ್ನಿಸಿತಾ? ದುಡ್ಡು ಖರ್ಚಾಗದ್ದನ್ನು ಮೊದಲು ನೋಡಿ. ಸಂಡೂರು ಕಡೆ ಓಡುವ ಗಾಡಿಗಳ ರಿಮ್ಮಿನ ಒಳಗೆ ಮಳೆಗಾಲದಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ಇಟ್ಟಿಗೆ ಆಗಿರುತ್ತದೆ. ಒಂದೇ ಪಕ್ಕಕ್ಕೆ ಅಷ್ಟು ಭಾರ ಕೂತರೆ ಹೊಸ ಟೈರೂ ನಡುಗುತ್ತದೆ. ಎರಡೆರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿಕೊಂಡು ಬಂದವನ ಗಾಡಿಗೆ ಬರೀ ನೀರು ಹೊಡೆದು ಕಳಿಸಿದ್ದೇನೆ. ಹಿಂದಿನ ಜೋಡಿ ಟೈರಿನ ಮಧ್ಯೆ ಕಲ್ಲು ಸಿಕ್ಕಿದೆಯಾ ಅಂತಲೂ ಟಾರ್ಚ್ ಹಾಕಿ ನೋಡಿ. ಕಲ್ಲನ್ನು ತೆಗೆಯದೆ ಓಡಿಸಿದರೆ ಎರಡೂ ಟೈರಿನ ಪಕ್ಕ ಸೀಳುತ್ತದೆ.

ವಾರಗಟ್ಟಲೆ ಲೋಡ್ ಸಮೇತ ನಿಂತಿದ್ದ ಗಾಡಿಯ ನೈಲಾನ್ ಟೈರು ತಳದಲ್ಲಿ ಚಪ್ಪಟೆಯಾಗಿರುತ್ತದೆ. ಸ್ವಲ್ಪ ದೂರ ಓಡಿ ಬಿಸಿಯಾದರೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಆದರೆ ಟೈರು ಒಂದು ಕಡೆ ಉಬ್ಬಿದ್ದರೆ, ರಿಸೋಲ್ ಪಟ್ಟಿ (ಸವೆದ ಟೈರಿನ ಮೇಲೆ ಅಂಟಿಸಿದ ಹೊಸ ರಬ್ಬರ್) ಅಂಚಿನಲ್ಲಿ ಏಳುತ್ತಿದ್ದರೆ ಪರೀಕ್ಷೆ ಸಾಕು. ಅಲ್ಲೇ ಸ್ಟೆಪ್ನಿ ಹಾಕಿ.

ಟೈರು ಬಿಚ್ಚಿ ಹಾಕಿಸಿದ ಮೇಲೆ ಶುರುವಾದ ನಡುಕ ಆದರೆ ನಟ್ಟುಗಳ ಮೇಲೆ ಅನುಮಾನ ಪಡಿ. ರಿಮ್ಮಿಗೂ ಡ್ರಮ್ಮಿಗೂ ನಡುವೆ ತುಕ್ಕು, ದಪ್ಪ ಪೇಂಟು, ಒಂದು ಚೂರು ಮಣ್ಣು ಇದ್ದರೂ ಚಕ್ರ ಸೊಟ್ಟ ಕೂರುತ್ತದೆ. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರು-ಬದುರಾಗಿ ಬಿಗಿ ಮಾಡಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಬೇಕು. ಎರಡನೆಯದನ್ನು ಯಾರೂ ಮಾಡುವುದಿಲ್ಲ, ಅಲ್ವಾ?

ಮುಂದಿನ ಚಕ್ರದ ವಾಬ್ಲಿಂಗ್ (ಓಲಾಟ) ಪರೀಕ್ಷೆಗೆ ಗಟ್ಟಿ ನೆಲ ಬೇಕು. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಇಟ್ಟು, ಆಕ್ಸಲ್ ಕೆಳಗೆ ಜಾಕಿ ಹಾಕಿ, ಜಾಕಿಯನ್ನೇ ನಂಬದೆ ಮರದ ದಿಮ್ಮಿಯನ್ನೂ ಕೊಡಿ. ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಿ. ಭಾರ ಜಾಸ್ತಿ ಇದ್ದರೆ ಕೆಳಗಿನಿಂದ ಹಾರೆ ಕೊಟ್ಟು ಎತ್ತಿ ನೋಡಿ. ಆಟ ಇದೆಯಾ? ಈಗ ಕ್ಲೀನರ್‌ಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ಹೋದರೆ ಹಬ್ ಬೇರಿಂಗ್ ಸಡಿಲ. ಹಾಗೇ ಉಳಿದರೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡ-ಬಲ ತಿರುಗುವ ಕೀಲು. ಎಡ-ಬಲ ಹಿಡಿದು ಅಲ್ಲಾಡಿಸಿದಾಗ ಆಟ ಇದ್ದರೆ ಟೈ ರಾಡ್ ಎಂಡ್ (ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ರಾಡಿನ ತುದಿ) ಮೇಲೆ ಕೈ ಇಟ್ಟು ನೋಡಿ, ಎಲ್ಲಿ ಸಡಿಲ ಅಂತ ಬೆರಳಿಗೇ ತಿಳಿಯುತ್ತದೆ. ಕೊನೆಗೆ ಟೈರಿನ ಪಕ್ಕ ಸೀಮೆಸುಣ್ಣ ಅಲುಗದ ಹಾಗೆ ಹಿಡಿದು ಚಕ್ರ ತಿರುಗಿಸಿ. ಗೆರೆ ಅರ್ಧಕ್ಕೇ ಬಿದ್ದರೆ ರಿಮ್ಮು ಸೊಟ್ಟಗಿದೆ ಅಥವಾ ಟೈರು ಸರಿಯಾಗಿ ಕೂತಿಲ್ಲ. ಇಷ್ಟೆಲ್ಲ ಸರಿ ಇದ್ದರೆ ಈಗ ಬ್ಯಾಲೆನ್ಸಿಂಗ್‌ಗೆ ಹೋಗಿ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡ್ರಮ್ ಅಂಡಾಕಾರ ಆಗಿರುತ್ತದೆ. ಲೋಡ್ ಹೊತ್ತು ಘಾಟಿಯಲ್ಲಿ ಬ್ರೇಕಿನ ಮೇಲೇ ಇಳಿದವರ ಗಾಡಿಗೆ ಇದು ಮಾಮೂಲು.

ನನಗೆ ಜಾಸ್ತಿ ತಲೆನೋವು ಕೊಡುವುದು ಪ್ರೊಪೆಲ್ಲರ್. ಗಾಡಿಗೆ ಅಡ್ಡ ಇಟ್ಟು, ನ್ಯೂಟ್ರಲ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಕೆಳಗೆ ಹೋಗಿ. ಶಾಫ್ಟನ್ನು ಕೈಯಲ್ಲಿ ತಿರುಚಿ, ಎತ್ತಿ ನೋಡಿ. ಶಾಫ್ಟಿನ ಜಾಯಿಂಟಿನೊಳಗೆ ಪ್ಲಸ್ ಆಕಾರದ ಕ್ರಾಸ್ ಇರುತ್ತದೆ, ಅದರಲ್ಲಿ ಟಕ್ ಅಂದರೂ ಅದು ಮುಗಿದ ಹಾಗೇ. ಕ್ರಾಸಿನ ಬಟ್ಟಲ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸ್ ಇಲ್ಲ ಅಂತ ಅರ್ಥ. ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದ್ದರೆ ಲೋಡ್ ಗಾಡಿ ನಿಂತಲ್ಲಿಂದ ಹೊರಡುವಾಗ ಮೊದಲ ಗೇರಿನಲ್ಲೇ ಗಡಗಡ ಅನ್ನುತ್ತದೆ. ಇದನ್ನು ಕ್ಲಚ್ ಪ್ಲೇಟಿನ ತೊಂದರೆ ಅಂತ ತಿಳಿದು ಸುಮ್ನೆ ಗೇರ್‌ಬಾಕ್ಸ್ ಇಳಿಸುವವರಿದ್ದಾರೆ. ಬೇರಿಂಗ್ ನೋಡಲು ಐದು ನಿಮಿಷ, ಗೇರ್‌ಬಾಕ್ಸ್ ಇಳಿಸಲು ಅರ್ಧ ದಿನ. ಶಾಫ್ಟ್ ಮೇಲೆ ವೆಲ್ಡ್ ಮಾಡಿದ ಸಣ್ಣ ತಗಡಿನ ತುಂಡುಗಳು ಬ್ಯಾಲೆನ್ಸಿನ ತೂಕಗಳು. ಒಂದು ಉದುರಿದ್ದರೆ ಅಲ್ಲಿ ಹಳೇ ವೆಲ್ಡಿಂಗ್ ಗುರುತು ಕಾಣುತ್ತದೆ.

ಕ್ಲಚ್ ಕೆಲಸ ಮಾಡಿಸಿ ಬಂದ ಮೇಲೆ ಶುರುವಾದ ನಡುಕಕ್ಕೆ ನಾನು ಮೊದಲು ನೋಡುವುದು ಸ್ಲಿಪ್ ಜಾಯಿಂಟ್, ಅಂದರೆ ಪ್ರೊಪೆಲ್ಲರ್‌ನ ಎರಡು ತುಂಡು ಹಲ್ಲುಗಳ ಮೇಲೆ ಒಂದರೊಳಗೊಂದು ಜಾರುವ ಜಾಗ. ಅಲ್ಲಿ ಎರಡು ಬಾಣದ ಗುರುತು ಇರುತ್ತವೆ. ಒಂದಕ್ಕೊಂದು ಎದುರಾಗಿ ಕೂರಬೇಕು. ಒಂದು ಹಲ್ಲು ತಪ್ಪಿದರೂ ಹೊಸ ಕ್ರಾಸ್ ಹಾಕಿ ಪ್ರಯೋಜನವಿಲ್ಲ, ಅದೂ ಬೇಗ ಹೋಗುತ್ತದೆ. ಬಿಚ್ಚುವ ಮುಂಚೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಮೆಕ್ಯಾನಿಕ್‌ಗೆ ಹೇಳಿ, ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಖಾಲಿ ಇದ್ದಾಗ ಇಲ್ಲ, ಲೋಡ್ ಆದಾಗ ಮಾತ್ರ ಗುಂಯ್ ಅನ್ನುತ್ತದೆ ಅಂದರೆ ಕಮಾನು ಪ್ಲೇಟು, ಯು-ಬೋಲ್ಟ್ ನೋಡಿ. ಪ್ಲೇಟು ಮುರಿದು ಹಿಂದಿನ ಆಕ್ಸಲ್ ಹೌಸಿಂಗ್ ವಾಲಿದರೆ ಪ್ರೊಪೆಲ್ಲರ್ ಜಾಯಿಂಟಿನ ಕೋನವೇ ಬದಲಾಗುತ್ತದೆ. ಇಂಥ ಗಾಡಿಯನ್ನು ಲೋಡ್ ಇಳಿಸಿ ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ. ಲೋಡ್ ಸಮೇತವೇ ಗ್ಯಾರೇಜಿಗೆ ತನ್ನಿ.