ಗಂಜಿನ ಅಂಗಡಿಯ ಹಿಸಾಬು ಕ್ಲೌಡಿಗೆ ಹಾಕುವುದು ಹೇಗೆ

ಕಲಬುರಗಿ ನೆಹರು ಗಂಜಿನಲ್ಲಿ ಅಡತ್ (ದಲ್ಲಾಳಿ) ಅಂಗಡಿ ಇರಲಿ, ದಾಲ್ ಮಿಲ್ ಇರಲಿ, ಬಹಳ ಕಡೆ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇರುವುದು ಮುನೀಮರ ಮೇಜಿನ ಮೇಲಿನ ಒಂದೇ ಕಂಪ್ಯೂಟರ್‌ನಲ್ಲಿ. ರೈತರ ಪಟ್ಟಿ, ಉದ್ರಿ, ಲಾರಿ ಬಾಡಿಗೆ, ಹಮಾಲಿ ಎಲ್ಲಾ ಅದರೊಳಗೇ. ಏಪ್ರಿಲ್ ಬಿಸಿಲಲ್ಲಿ ಕರೆಂಟ್ ಹೋಗಿ ಬಂದು ಹಾರ್ಡ್ ಡಿಸ್ಕ್ ಕೆಟ್ಟರೆ ವರ್ಷದ ಲೆಕ್ಕವೇ ಹೋಯಿತು. ಜಿಎಸ್‌ಟಿ ಲೆಕ್ಕಪತ್ರವನ್ನಂತೂ ಆ ವರ್ಷದ ವಾರ್ಷಿಕ ರಿಟರ್ನ್ ಕೊಡುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಷ್ಟು ವರ್ಷ ಒಂದೇ ಡಬ್ಬಿಯನ್ನು ನಂಬಿ ಕೂರುವುದು ಬೇಡ. ಹೊಸ ತೊಗರಿ ಬರಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ, ಹಾಗಾಗಿ ದೀಪಾವಳಿ ಮುಗಿದ ಕೂಡಲೇ ಈ ಕೆಲಸಕ್ಕೆ ಕೂತುಬಿಡಿ.

ಕ್ಲೌಡ್ ಎಂದರೆ ಬೇರೆಯವರ ಗೋದಾಮಿನಲ್ಲಿ ನಮ್ಮ ಚೀಲ ಇಟ್ಟು ರಸೀದಿ ತಂದ ಹಾಗೆ, ಅಷ್ಟೇ. ಡೇಟಾ ಇರುವುದು ನಿಜವಾದ ಕಂಪ್ಯೂಟರ್‌ಗಳಲ್ಲೇ. ಉದಾಹರಣೆಗೆ, ಕ್ಲೌಡ್ ಬಾಡಿಗೆಗೆ ಕೊಡುವ ಅಮೆಜಾನ್ ತನ್ನ ಸರ್ವರ್‌ಗಳನ್ನು 2016ರಲ್ಲಿ ಮುಂಬೈನಲ್ಲಿ, 2022ರಲ್ಲಿ ಹೈದರಾಬಾದ್‌ನಲ್ಲಿ ಶುರು ಮಾಡಿತು, ಅಂದರೆ ನಮಗೆ ಬೆಂಗಳೂರಿಗಿಂತ ಹತ್ತಿರವೇ ಆಯಿತು. ಚೀಲ ಎಲ್ಲಿದೆ ಎಂಬುದಕ್ಕಿಂತ ರಸೀದಿ, ಅಂದರೆ ಅಕೌಂಟ್, ಯಾರ ಹೆಸರಲ್ಲಿದೆ ಎಂದು ಮೊದಲು ನೋಡಿ.

ನಾನು ಅಂಗಡಿಗಳಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುವವನು. "ಸಾವುಕಾರರೇ, ಪಾಸ್‌ವರ್ಡ್ ಏನು?" ಎಂದು ಕೇಳಿದರೆ ಬರುವ ಉತ್ತರ, "ಅದು ಆ ಹುಡುಗಗ ಗೊತ್ತದ ನೋಡ್ರಿ." ಅಕೌಂಟ್ ಮಾಡಿಕೊಟ್ಟ ಹುಡುಗ ತನ್ನದೇ ಮೊಬೈಲ್ ನಂಬರ್ ಹಾಕಿರುತ್ತಾನೆ, ಆಮೇಲೆ ಕೆಲಸ ಬಿಟ್ಟು ಪುಣೆಗೋ ಹೈದರಾಬಾದ್‌ಗೋ ಹೋಗಿರುತ್ತಾನೆ, ಒಟಿಪಿ ಮಾತ್ರ ಇನ್ನೂ ಅವನಿಗೇ ಹೋಗುತ್ತಿರುತ್ತದೆ. ಅವನದೇನೂ ತಪ್ಪಿಲ್ಲ, ಯಾರೂ ಬದಲಾಯಿಸಿಕೊಂಡಿಲ್ಲ, ಅಷ್ಟೇ. ಆದ್ದರಿಂದ ಅಂಗಡಿಯ ಹೆಸರಲ್ಲಿ ಒಂದು ಹೊಸ ಜಿಮೇಲ್ ಮಾಡಿ. ಪಾಸ್‌ವರ್ಡ್ ಮರೆತಾಗ ಬೇಕಾಗುವ ರಿಕವರಿ ನಂಬರ್ ಮಾಲೀಕರದ್ದೇ ಇರಲಿ, ರಿಕವರಿ ಇಮೇಲ್ ಮನೆಯ ಇನ್ನೊಬ್ಬರದ್ದು ಇರಲಿ. ರೀಚಾರ್ಜ್ ಮಾಡದೆ ಬಿಟ್ಟ ಹಳೆಯ ಸಿಮ್ ನಂಬರ್ ಕೊಡಲೇಬೇಡಿ, ಅದು ಬಂದ್ ಆಗಿ ಮುಂದೆ ಬೇರೆ ಯಾರಿಗೋ ಹೋಗುತ್ತದೆ. ಪಾಸ್‌ವರ್ಡ್ ಜೊತೆ ಇನ್ನೊಂದು ಗುರುತನ್ನೂ ಕೇಳುವ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿದ ಮೇಲೆ ಗೂಗಲ್‌ನಿಂದ 8 ಅಂಕಿಗಳ 10 ಬ್ಯಾಕಪ್ ಕೋಡ್ ಪಡೆಯಬಹುದು. ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಅದನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದು ಇಟ್ಟರೆ ಏನು ಉಪಯೋಗ, ಮೊಬೈಲ್ ಕಳೆದಾಗ ಬೇಕಾಗುವುದೇ ಅದು ಅಲ್ವಾ? ಪ್ರಿಂಟ್ ತೆಗೆದು ತಿಜೋರಿಯಲ್ಲಿ ಇಡಿ.

ಈಗ ಟ್ಯಾಲಿ. ಇಲ್ಲಿ ಬಹಳ ಜನ ಟ್ಯಾಲಿಯ ಡೇಟಾ ಫೋಲ್ಡರ್ ಅನ್ನೇ ಜಿಮೇಲ್ ಜೊತೆ ಸಿಗುವ ಕ್ಲೌಡ್ ಗೋದಾಮಾದ ಗೂಗಲ್ ಡ್ರೈವ್‌ಗೆ ಜೋಡಿಸಿಬಿಡುತ್ತಾರೆ. ದಯವಿಟ್ಟು ಬೇಡ. ಮುನೀಮರು ಎಂಟ್ರಿ ಹೊಡೆಯುತ್ತಿರುವಾಗಲೇ ಡ್ರೈವ್ ಆ ಫೈಲ್‌ಗಳನ್ನು ಎಳೆಯಲು ಹೋಗುತ್ತದೆ, ಅರ್ಧ ಹಳೆಯದು ಅರ್ಧ ಹೊಸದು ಸೇರಿ ಟ್ಯಾಲಿಯಲ್ಲಿ ಕಂಪನಿಯೇ, ಅಂದರೆ ಅಂಗಡಿಯ ಲೆಕ್ಕವೇ, ತೆರೆಯದೆ ಹೋಗಬಹುದು. ಅದರ ಬದಲು ಡಿ ಡ್ರೈವ್‌ನಲ್ಲಿ ಬ್ಯಾಕಪ್ ಎಂದು ಬೇರೆ ಫೋಲ್ಡರ್ ಮಾಡಿ. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒಟ್ಟಿಗೆ ಒತ್ತಿದರೆ ಡೇಟಾ ಮೆನು ಬರುತ್ತದೆ, ಅದರಲ್ಲಿ ಬ್ಯಾಕಪ್ ಆರಿಸಿ ಆ ಫೋಲ್ಡರ್ ತೋರಿಸಿ. ಡ್ರೈವ್‌ಗೆ ಜೋಡಿಸಬೇಕಾದದ್ದು ಈ ಫೋಲ್ಡರ್ ಮಾತ್ರ. ದಿನಕ್ಕೊಂದು ಒಳ ಫೋಲ್ಡರ್ ಮಾಡಿ ತಾರೀಖು ಬರೆಯಿರಿ. ಇಲ್ಲವಾದರೆ ಇವತ್ತಿನದು ನಿನ್ನೆಯದರ ಮೇಲೆ ಕೂತುಬಿಡಬಹುದು. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಪುಕ್ಕಟೆ ಸಿಗುವುದು 15 ಜಿಬಿ, ಬರೀ ಹಿಸಾಬಿಗೆ ಅದು ಸಣ್ಣ ಅಂಗಡಿಗೆ ಬಹಳ ದಿನ ಸಾಕಾಗುತ್ತದೆ.

ಆದರೆ ಸಿಂಕ್ ಆದದ್ದೆಲ್ಲ, ಅಂದರೆ ಡ್ರೈವ್‌ಗೆ ಜೋಡಿಸಿ ತಾನಾಗಿ ಹೋದದ್ದೆಲ್ಲ, ಬ್ಯಾಕಪ್ ಅಲ್ಲ. ಕಂಪ್ಯೂಟರ್‌ನಲ್ಲಿ ಅಳಿಸಿದರೆ ಡ್ರೈವ್‌ನಲ್ಲೂ ಅಳಿಯುತ್ತದೆ, ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ಪೂರ್ತಿ ಹೋಗುತ್ತದೆ. ವೈರಸ್ ಬಂದು ಫೈಲ್‌ಗಳಿಗೆ ಬೀಗ ಜಡಿದರೆ ಆ ಕೆಟ್ಟ ಫೈಲೇ ಡ್ರೈವ್‌ಗೂ ಹೋಗುತ್ತದೆ. ವಾರಕ್ಕೊಮ್ಮೆ ಹೊರಗಿನ ಹಾರ್ಡ್ ಡಿಸ್ಕಿಗೆ ಒಂದು ಕಾಪಿ ಹಾಕಿ, ತಕ್ಷಣ ವೈರ್ ಕಿತ್ತು ಮನೆಗೆ ಒಯ್ಯಿರಿ.

ಬಿಲ್, ತೂಕದ ಚೀಟಿ, ಲಾರಿ ರಸೀದಿಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ ಮರೆಯುವುದು ನಮ್ಮ ಕಡೆ ರೂಢಿ. ಮಾರ್ಚ್‌ನಲ್ಲಿ ಆಡಿಟರ್ ಕೇಳಿದಾಗ ಸುಮ್ನೆ ಗಂಟೆಗಟ್ಟಲೆ ಹುಡುಕಬೇಕು. ಮೊಬೈಲ್‌ನ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಇದೆ, ಚೀಟಿ ನೇರವಾಗಿ ಪಿಡಿಎಫ್ ಆಗುತ್ತದೆ. ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಪಾರ್ಟಿ ಹೆಸರು ಹಾಕಿ, ಸಾಲಾಗಿ ಬಂದು ನಿಲ್ಲುತ್ತವೆ.

ಮೊಬೈಲ್‌ಗೆ ಲಾಕ್ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಆ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ನಂಬರ್ ಬರುತ್ತದೆ, ಅದನ್ನು ಡೈರಿಯಲ್ಲಿ ಬರೆದಿಡಿ. ಫೋನ್ ಕಳೆದರೆ ಪೊಲೀಸ್ ದೂರು ಕೊಟ್ಟು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಲು ಆ ನಂಬರ್ ಬೇಕು. ಹಣವೇ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕೆಲಸದವರು ಬಿಟ್ಟುಹೋದ ದಿನವೇ ಡ್ರೈವ್‌ನ ಶೇರಿಂಗ್‌ನಿಂದ ಅವರ ಹೆಸರು ತೆಗೆಯಿರಿ, ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್‌ನಲ್ಲಿ ಅವರ ಕಂಪ್ಯೂಟರ್ ಜೋಡಿಕೊಂಡಿದೆಯಾ ಎಂದೂ ನೋಡಿ.

ಟ್ಯಾಲಿಯನ್ನೇ ಕ್ಲೌಡ್ ಸರ್ವರ್‌ನಲ್ಲಿ ಬಾಡಿಗೆಗೆ ಕೊಡುವವರೂ ಬರುತ್ತಾರೆ. ಬೀದರ್, ಯಾದಗಿರಿಯಲ್ಲೂ ಬ್ರಾಂಚ್ ಇದ್ದರೆ ಒಂದೇ ಲೆಕ್ಕ ಎಲ್ಲಾ ಕಡೆ ಕಾಣುವುದರಿಂದ ಅದು ಒಳ್ಳೆಯದೇ. ಒಂದೇ ಅಂಗಡಿಗೆ ನನ್ನ ಪ್ರಕಾರ ಬೇಡ, ನೆಟ್ ಹೋದರೆ ಬಿಲ್ಲೂ ನಿಲ್ಲುತ್ತದೆ. ತೆಗೆದುಕೊಳ್ಳುವುದಾದರೆ, ಬಾಡಿಗೆ ನಿಲ್ಲಿಸಿದ ಮೇಲೆ ಡೇಟಾ ಎಷ್ಟು ದಿನ ಇರುತ್ತದೆ, ಪೂರ್ತಿ ಕಾಪಿ ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದಾ ಎಂದು ಬರಹದಲ್ಲಿ ಕೇಳಿ.

ಎಲ್ಲಾ ಆದ ಮೇಲೆ ಮನೆಯ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿ ಹಾಕಿ, ಡ್ರೈವ್‌ನಿಂದ ಬ್ಯಾಕಪ್ ಇಳಿಸಿ ರೀಸ್ಟೋರ್ ಮಾಡಿ. ಉದ್ರಿ ಜಾಸ್ತಿ ಇರುವ ಒಬ್ಬ ರೈತರ ಖಾತೆ ತೆಗೆದು, ಅಂಗಡಿಯ ಕಂಪ್ಯೂಟರ್‌ನಲ್ಲಿ ಅದೇ ತಾರೀಖಿಗೆ ಇರುವ ಬಾಕಿಯ ಜೊತೆ ತಾಳೆ ನೋಡಿ. ಹೊಂದದಿದ್ದರೆ ಯಾವ ರಾತ್ರಿಯಿಂದ ಬ್ಯಾಕಪ್ ನಿಂತಿದೆ ಎಂದು ಫೋಲ್ಡರ್ ತಾರೀಖಿನಲ್ಲೇ ಗೊತ್ತಾಗುತ್ತದೆ, ಅಲ್ಲಿಂದ ಸರಿಮಾಡಿ ಇನ್ನೊಮ್ಮೆ ನೋಡಿ.