ಒಂದೇ ಕೋಣ, ಒಂಬತ್ತು ಫೋಟೋ

ಫೋಟೋ ನೋಡಿ ಪ್ರಾಣಿಯ ತಲೆ ಬರೆದರೆ ಕೈ ಆ ಫೋಟೋಗೇ ಅಂಟಿಕೊಳ್ಳುತ್ತದೆ, ಕೋನ ಬದಲಾದರೆ ಏನೂ ಬರುವುದಿಲ್ಲ ಎಂದು ಉಡುಪಿಯ ಚಿತ್ರಕಾರ ಗೆಳೆಯರು ಹೇಳುತ್ತಲೇ ಇದ್ದರು. ಈಗ ಕಂಬಳದ ಕೋಣದ ತಲೆಯನ್ನು ಯಾವ ಕೋನದಲ್ಲಿ ಕೇಳಿದರೂ 20 ನಿಮಿಷದೊಳಗೆ ನೋಡದೆ ಬರೆದು ಕೊಡುತ್ತೇನೆ. ಕಲಿತದ್ದೆಲ್ಲ ಫೋಟೋದಿಂದಲೇ.

ಮೊದಲು ನೆಟ್‌ನಿಂದ ಇಳಿಸಿದ ಬೇರೆ ಬೇರೆ ಕೋಣಗಳನ್ನು ಬರೆದು ಸುಮಾರು 60 ಹಾಳೆ ಕೆಡಿಸಿದೆ. ಒಂದರ ಕೊಂಬು ಇನ್ನೊಂದರ ಹಾಗಿಲ್ಲ, ಹಾಗಾಗಿ ಒಂದು ತಲೆಯೂ ಮನಸ್ಸಿನಲ್ಲಿ ಕೂರಲಿಲ್ಲ. ಆಮೇಲೆ ಮೊಬೈಲ್‌ನಲ್ಲಿ ನಾನೇ ತೆಗೆದೆ. ಎರಡಡಿ ದೂರದಿಂದ ತೆಗೆದರೆ ಮೂತಿ ಉಬ್ಬುತ್ತದೆ, ಕಿವಿ, ಕೊಂಬು ಕುಗ್ಗುತ್ತವೆ. ಅಳೆದು ಬರೆದಷ್ಟೂ ತಪ್ಪು. ಹತ್ತು ಹನ್ನೆರಡು ಅಡಿ ಹಿಂದೆ ಸರಿದು ಝೂಮ್ ಮಾಡಿ. ಆಕಾಶದ ಎದುರು ಕಪ್ಪು ಕೋಣ ಮಸಿಮುದ್ದೆಯಾಗುತ್ತದೆ, ಪರದೆಯಲ್ಲಿ ತಲೆಯ ಮೇಲೆಯೇ ಒತ್ತಿ ಬೆಳಕು ಏರಿಸಬೇಕು. ಮೈ ಒಣಗಿರಲಿ, ಒದ್ದೆ ಚರ್ಮದ ಹೊಳಪಿನಲ್ಲಿ ಮೂಳೆಯ ಏರಿಳಿತ ಕಾಣುವುದಿಲ್ಲ.

ಕಟ್ಟಿದ ಒಂದೇ ಕೋಣ, ಒಂದೇ ದೂರ, ಮೊಬೈಲ್ ಅದರ ಕಣ್ಣಿನ ಎತ್ತರಕ್ಕೆ. ಎದುರಿನಿಂದ ಪಕ್ಕದವರೆಗೆ 9 ಫೋಟೋ. 1, 3, 5, 7, 9 ಮಾತ್ರ ಪ್ರಿಂಟ್. 3 ಮತ್ತು 5 ನೋಡಿ ಬರೆದು, 4ನ್ನು ಊಹಿಸಿ ಟ್ರೇಸಿಂಗ್ ಹಾಳೆಯಲ್ಲಿ ಬರೆಯಿರಿ. ಬಳಿಕ ನಿಜವಾದ 4ನ್ನು ಅದೇ ಅಳತೆಗೆ ಪ್ರಿಂಟ್ ತೆಗೆದು, ಟ್ರೇಸಿಂಗ್ ಹಾಳೆಯನ್ನು ಅದರ ಮೇಲೆ ಇಟ್ಟು ನೋಡಿ. ಮೊದಲ ಹದಿನೈದು ಊಹೆಗಳಲ್ಲಿ ಆಚೆಬದಿಯ ಕೊಂಬಿನ ಬುಡ ಅರ್ಧ ಇಂಚು ತಪ್ಪುತ್ತಿತ್ತು. ಹೊರಗೆರೆಯಿಂದ ಶುರು ಮಾಡಿದ್ದೇ ಕಾರಣ. ಹಣೆಯ ನಡುಗೆರೆ, ಕೊಂಬಿನ ಬುಡಗಳ ಗೆರೆ, ಕಣ್ಣುಗಳ ಗೆರೆ, ಹೊಳ್ಳೆಗಳ ಗೆರೆ, ಈ ನಾಲ್ಕನ್ನು ಮೊದಲು ಹಾಕಿದ ಮೇಲೆ ತಪ್ಪು ಎರಡು ಮೂರು ಮಿಲಿಮೀಟರಿಗೆ ಇಳಿಯಿತು. ಕೊಂಬಿನ ಬುಡದಿಂದ ಮೂತಿಯ ತುದಿಗೆ ಮೂರು ಪಾಲು ಮಾಡಿದರೆ ಮೊದಲ ಪಾಲು ಮುಗಿಯುವಲ್ಲಿ ಹೆಚ್ಚುಕಡಿಮೆ ಕಣ್ಣು. ಕಿವಿ ಕೊಂಬಿನ ಕೆಳಗೆ. ಕೊಂಬನ್ನು ಉರುಟು ಕೊಳವೆಯಂತೆ ಶೇಡ್ ಮಾಡಿದರೆ ಕೋಣ ಹೋಗಿ ಎತ್ತಾಗುತ್ತದೆ. ಕೋಣದ ಕೊಂಬು ಅಡ್ಡ ಕೊಯ್ದರೆ ತ್ರಿಕೋನ. ಚಪ್ಪಟೆ ಮುಖಕ್ಕೊಂದು ಟೋನ್, ಅಂಚಿಗೊಂದು. ಎಣ್ಣೆ ಹಚ್ಚಿದ ಕೊಂಬಿನ ಹೊಳಪು ತರುವ ಕ್ರಮ ಸದ್ಯಕ್ಕೆ ನನ್ನಲ್ಲೇ ಇರಲಿ. ಬಿಳಿ ಪೆನ್ಸಿಲ್ ಅಲ್ಲ, ಅಷ್ಟು ಹೇಳುತ್ತೇನೆ.

ಕಲರ್ ಪ್ರಿಂಟಿಗೆ ಸುರಿದ ಎಂಟುನೂರು ರೂಪಾಯಿ ದಂಡ. ಝೆರಾಕ್ಸ್ ಅಗ್ಗ, ಆದರೆ ಕಪ್ಪೆಲ್ಲ ಒಂದೇ ಆಗುತ್ತದೆ. ಮೊಬೈಲಲ್ಲೇ ಕಪ್ಪುಬಿಳುಪು ಮಾಡಿ, ನೆರಳನ್ನು ತಿಳಿಮಾಡಿ, ಲೇಸರ್ ಪ್ರಿಂಟ್ ತೆಗೆಸಿದರೆ ಸಾಕು. ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ಮಳೆಗೆ ಚಿತ್ರ ಬರೆಯುವ ಕಾರ್ಟ್ರಿಡ್ಜ್ ಹಾಳೆ ತೇವ ಹೀರಿ ಮೆದುವಾಗುತ್ತದೆ; 6ಬಿ ಪೆನ್ಸಿಲ್ ಹಿಡಿಯುವುದಿಲ್ಲ, ರಬ್ಬರ್ ಉಜ್ಜಿದರೆ ನಾರು ಏಳುತ್ತದೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಟ್ಟು, ಬೇಕಾದಾಗ ಒಂದೊಂದೇ ಹಾಳೆ ತೆಗೆಯಿರಿ.

ಇದೇ ಕ್ರಮವನ್ನು ಮಂಗಳೂರಿನ ಪಿಲಿಕುಳ ಮೃಗಾಲಯದ ಹುಲಿಯ ಮೇಲೆ ಪ್ರಯೋಗಿಸಿ ನೋಡಿದೆ. ಅದರ ಸುತ್ತ ಹೋಗಲಿಕ್ಕಾಗುವುದಿಲ್ಲವಲ್ಲ, ಅದು ತಲೆ ತಿರುಗಿಸುವಾಗ ವಿಡಿಯೋ ಮಾಡಿ ಫ್ರೇಮ್ ಆರಿಸಬೇಕು. ಹಣೆಯ ಪಟ್ಟೆಗಳು ಬುರುಡೆಯ ಉಬ್ಬನ್ನು ತಾವೇ ತೋರಿಸುವುದರಿಂದ ಕೋಣಕ್ಕಿಂತ ಸುಲಭ. ಕಣ್ಣನ್ನು ಮಾತ್ರ ಮನೆ ಬೆಕ್ಕಿನ ಫೋಟೋದಿಂದ ಎತ್ತಬೇಡಿ. ಬೆಕ್ಕಿನ ಪಾಪೆ ಸೀಳಾಗುತ್ತದೆ, ಹುಲಿಯದು ಉರುಟು. ಈವರೆಗೆ 6 ಕೋನ ಸಿಕ್ಕಿವೆ, ಉಳಿದ 3 ಬಾಕಿ.